ಅಪ್ಪನ ಎಡೆಗೆ ಒಂದು ಟರ್ಕಿ

ಪರ್ತ್
2 ಜುಲೈ 2025

ಕನಕಾ,

ಒಟ್ಟು ಖರ್ಚು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಡುವೆ ಬಾಯಿ ಹಾಕಿ ‘ಇದೆಲ್ಲ ಯಾಕಣ್ಣ’ ಅಂತ ನೀನು ರಾಗ ಎಳೆಯುವುದು ತಪ್ಪುತ್ತದೆ. ಹೊಸಬರಿಗೆ ಬೇಟೆ ಕಲಿಸುವ ಕ್ಲಾಸಿಗೆ ಮುನ್ನೂರೈವತ್ತು ಡಾಲರ್. ಬೂಟಿಗೆ ನೂರ ತೊಂಬತ್ತು. ಪರ್ತಿನಿಂದ ಅಡಿಲೇಡ್, ಅಲ್ಲಿಂದ ಬ್ರಿಸ್ಬೇನ್, ಮತ್ತೆ ಪರ್ತ್: ವಿಮಾನಕ್ಕೆ ಸಾವಿರದ ಹತ್ತಿರ. ಮಾಂಸ ತರುವ ಐಸ್ ಪೆಟ್ಟಿಗೆಗೆ ಎಂಬತ್ತು. ಅಡಿಲೇಡಿನಲ್ಲಿ ನನ್ನ ಗೆಳೆಯ ಅನಂತಪದ್ಮನಾಭನ ಮನೆಯಲ್ಲಿ ಇಳಿದುಕೊಂಡು ಬರಿಗೈ ಬೀಸಿಕೊಂಡು ಹೊರಡಲಾಗುವುದಿಲ್ಲವಾದ್ದರಿಂದ ಅವನ ಹೆಂಡತಿಗೆ ಒಂದು ಸೀರೆ. ಎಲ್ಲ ಸೇರಿ ಎರಡು ಸಾವಿರಕ್ಕೆ ಸ್ವಲ್ಪ ಕಡಿಮೆ. ಇದು ಅವ್ವನ ಬಾಯಿಗೆ ಒಂದು ತುತ್ತು ಬಾಡು ಇಡಲು ತಗಲುವ ವೆಚ್ಚ. ದುಬಾರಿ ತುತ್ತು. ಆದರೂ ಇಡೋಣ ಅಂತ ತೀರ್ಮಾನ ಮಾಡಿದ್ದೇನೆ.

ಭಾನುವಾರ ಫೋನಿನಲ್ಲಿ ನೀನು ಪಿಸುಗುಟ್ಟಿದ್ದು ಕೇಳಿಸಿತು. ‘ಅವ್ವ ತುಂಬಾ ಇಳಿದುಹೋಗಿದಾಳೆ, ಡಾಕ್ಟರಿಗೆ ತೋರಿಸ್ಲಾ?’ ಅಂದೆ. ಬೇಡ. ಇದು ಕಾಯಿಲೆಯಲ್ಲ, ಹರಕೆ. ಅಪ್ಪ ಹೋದ ವರ್ಷ ಆಗಸ್ಟಿನಲ್ಲಿ ನಿನ್ನ ಮನೆಯಲ್ಲಿ ತೀರಿಕೊಂಡಾಗ ಅವಳು ಹೇಳಿದ್ದು ನೆನಪಿದೆ ತಾನೆ? ವರ್ಷ ತುಂಬಿ, ಪಿತೃಪಕ್ಷದಲ್ಲಿ ಮೊದಲ ಎಡೆ ಇಡುವ ತನಕ ಬಾಡು ಮುಟ್ಟುವುದಿಲ್ಲ ಅಂದಳು. ಎಪ್ಪತ್ತಾರು ವರ್ಷ ಬಾಡಿನ ಸಾರಿನಲ್ಲಿ ಬೆಳೆದ ಮೈ, ಅದನ್ನು ನಿಲ್ಲಿಸಿದರೆ ಇಳಿಯದೆ ಊದುತ್ತದೆಯೇ? ನಮ್ಮ ಅಜ್ಜಿಯರೂ ಹೀಗೇ ಇದ್ದರು. ಅವರನ್ನು ಯಾರೂ ಸ್ಕ್ಯಾನ್ ಮಾಡಿಸಲಿಲ್ಲ. ಹರಕೆ ಹೊತ್ತವಳನ್ನು ಡಾಕ್ಟರ ಮುಂದೆ ಕೂರಿಸಿ, ಅವನು ಮೊಟ್ಟೆ ತಿನ್ನು, ಮೀನು ತಿನ್ನು ಅಂತ ಹೇಳಿ, ಅವಳ ಮನಸ್ಸು ಮುರಿಯುವುದು ಯಾಕೆ?

ನಾವು ಮಾಡಬೇಕಾದ್ದು ಎಡೆಯನ್ನು ಸರಿಯಾಗಿ ಇಡುವುದು. ಸತ್ತವರಿಗೆ ಇಷ್ಟವಾದದ್ದನ್ನೇ ಬಡಿಸಬೇಕು. ಅಪ್ಪನ ಇಷ್ಟ ಏನು ಅಂತ ನಮ್ಮೂರ ಮಂಡಿ ಮೊಹಲ್ಲಾದ ಪ್ರತಿ ಕೋಳಿ ಅಂಗಡಿಯವನಿಗೂ ಗೊತ್ತಿತ್ತು. ‘ನನ್ನ ಎಡೆಗೆ ಫಾರಂ ಕೋಳಿ ಇಟ್ರೆ ಎದ್ದು ಬಂದು ಎಲೆ ಒದೀತೀನಿ’ ಅನ್ನುತ್ತಿದ್ದ. ಅವನು ಒದೆಯುವವನೇ. ಈ ದೇಶದ ಅಂಗಡಿಗಳಲ್ಲಿ ಫಾರಂ ಕೋಳಿ ಬಿಟ್ಟು ಬೇರೆ ಕೋಳಿ ಇಲ್ಲ. ಗಣಿ ಕ್ಯಾಂಪುಗಳಿಗೆ ಊಟ ಕಳಿಸುವವನು ನಾನು, ವಾರಕ್ಕೆ ಎಷ್ಟು ಕೋಳಿ ನನ್ನ ಕೈದಾಟಿ ಹೋಗುತ್ತವೆ ಅಂತ ನನಗೆ ಗೊತ್ತು. ಒಂದಕ್ಕೂ ನಡೆದು ಗೊತ್ತಿಲ್ಲ.

ಅನಂತಪದ್ಮನಾಭನ ಪರಿಚಯದ ಒಬ್ಬ ರೈತನ ದ್ರಾಕ್ಷಿ ತೋಟಕ್ಕೆ ಟರ್ಕಿ ಕೋಳಿಗಳ ಕಾಟವಂತೆ. ಯಾವ ಕಾಲದಲ್ಲೋ ಯಾರದೋ ಗೂಡಿನಿಂದ ತಪ್ಪಿಸಿಕೊಂಡು ಕಾಡು ಬಿದ್ದ ಹಕ್ಕಿಗಳು. ಓಡುತ್ತವೆ, ಹಾರುತ್ತವೆ, ಮರದ ಮೇಲೆ ಮಲಗುತ್ತವೆ. ಅಪ್ಪನಿಗೆ ಇನ್ನೇನು ಬೇಕು? ಅಮಾವಾಸ್ಯೆ ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ. ಅಷ್ಟರೊಳಗೆ ಹಕ್ಕಿ ನನ್ನದು, ಅವ್ವ ನಿನ್ನ ಜವಾಬ್ದಾರಿ.

ಸದಾಶಿವ


ಬ್ರಿಸ್ಬೇನ್
9 ಜುಲೈ 2025

ಅಣ್ಣ,

ಈಮೇಲಿನಲ್ಲಿ ಪತ್ರವೇ ಬರೀ ಅಂದವಳು ನಾನೇ. ಫೋನಿನಲ್ಲಿ ನಿನ್ನ ಮಾತಿನ ನಡುವೆ ಸಂದು ಸಿಗುವಷ್ಟರಲ್ಲಿ ನನ್ನ ಲಂಚ್ ಬ್ರೇಕ್ ಮುಗಿದಿರುತ್ತದೆ. ಪತ್ರದಲ್ಲೂ ಸಂದಿಲ್ಲ, ಆದರೆ ನಿಲ್ಲಿಸಿ ಓದಬಹುದು.

ಸರಿ, ಡಾಕ್ಟರಿಗೆ ತೋರಿಸುವುದಿಲ್ಲ. ನೀನು ಹೇಳಿದ್ದರಲ್ಲಿ ಅರ್ಥವಿದೆ ಅಂತ ನಿನ್ನ ಭಾವಮೈದ ವಿಜಯನೂ ಅಂದರು. ಆದರೆ ಅವ್ವನ ರವಿಕೆಗಳನ್ನು ಎರಡನೇ ಸಲ ಹಿಡಿದು ಹೊಲಿದೆ ಅಂತ ಮಾತ್ರ ನಿನಗೆ ಹೇಳಬೇಕು ಅನ್ನಿಸಿತು. ಊಟ ಮಾಡುತ್ತಾಳೆ. ತಟ್ಟೆ ಹಿಡಿದುಕೊಂಡು ಹಿತ್ತಿಲ ಮೆಟ್ಟಿಲಿಗೆ ಹೋಗಿ ಕೂರುತ್ತಾಳೆ. ‘ಒಳಗೇ ಕೂತ್ಕೊಂಡು ಉಣ್ಣವ್ವ, ಚಳಿ’ ಅಂದರೆ, ‘ಒಳಗೆ ಉಸ್ರು ಕಟ್ತದೆ ಕಣವ್ವ. ಗಾಳಿಗೆ ಕೂತ್ರೆ ನಾಕು ತುತ್ತು ಹೆಚ್ಚಿಗೆ ಹೋಯ್ತದೆ’ ಅನ್ನುತ್ತಾಳೆ. ತಟ್ಟೆ ವಾಪಸ್ ಬರುವಾಗ ಚೊಕ್ಕವಾಗಿರುತ್ತದೆ. ಸೊಪ್ಪಿನ ಸಾರು, ಮುದ್ದೆ, ಎಲ್ಲ. ಅದಕ್ಕೇ ನನಗೂ ಹರಕೆಯ ಮಾತೇ ಸರಿ ಅನ್ನಿಸುತ್ತದೆ. ಉಂಡೂ ಇಳಿಯುತ್ತಿದ್ದಾಳೆ ಅಂದರೆ ಬಾಡಿನದೇ ಕೊರತೆ ಇರಬೇಕು.

ಒಂದು ಮಾತು. ಇಲ್ಲಿನ ಸನ್ನಿಬ್ಯಾಂಕ್ ಬಡಾವಣೆಯಲ್ಲಿ ಚೀನಾದವರ ಮಾಂಸದ ಅಂಗಡಿಯಿದೆ. ಮೂಳೆಯವರೆಗೆ ಕಪ್ಪಗಿರುವ ಕೋಳಿ, ಮೊಟ್ಟೆ ನಿಲ್ಲಿಸಿದ ಮುದಿ ಕೋಳಿ, ತಲೆ ಕಾಲು ಸಮೇತ ಸಿಗುತ್ತವೆ. ಮುದಿ ಕೋಳಿಯನ್ನು ಕುಕ್ಕರಿನಲ್ಲಿ ಎಷ್ಟು ಸಲ ಕೂಗಿಸಿದರೂ ಬೇಯುವುದಿಲ್ಲ. ಥೇಟ್ ನಾಟಿ ಕೋಳಿಯ ಹಟ. ಅದನ್ನೇ ಇಟ್ಟರೆ ಸಾಲದೇ? ಅವ್ವನೂ ಹೇಳಿದ್ದು ‘ಫಾರಂ ಕೋಳಿ ಬ್ಯಾಡ’ ಅಂತ ಮಾತ್ರ. ಬೇಟೆ ಅಂದವನು ನೀನು.

ವಿಜಯ ಇನ್ನೂ ಅಗ್ಗದ ದಾರಿ ಹೇಳುತ್ತಿದ್ದಾರೆ. ‘ನಿಮ್ಮಣ್ಣ ಟರ್ಕಿಗೆ ಅಂತ ಅಡಿಲೇಡಿಗೆ ಯಾಕೆ ಹೋಗ್ಬೇಕು? ನಮ್ಮ ಹಿತ್ತಿಲಲ್ಲೇ ಇದೆ, ಬಂದು ಹಿಡ್ಕೊಂಡು ಹೋಗ್ಲಿ.’ ಅದು ಈ ಊರಿನ ಬ್ರಷ್ ಟರ್ಕಿ. ಕಪ್ಪು ಮೈ, ಕೆಂಪು ತಲೆ, ಕೊರಳಿಗೆ ಹಳದಿ ಚೀಲ. ಗಂಡು. ಎಲೆ, ಕಡ್ಡಿ, ನಾನು ಹಾಕಿದ ಕೊತ್ತಂಬರಿ ಮಡಿ, ಎಲ್ಲವನ್ನೂ ಹಿಂದಕ್ಕೆ ಕೆರೆದು ಕೆರೆದು ಬೇಲಿಯ ಮೂಲೆಯಲ್ಲಿ ಗುಡ್ಡೆ ಹಾಕುತ್ತಿದೆ. ಹೆಣ್ಣುಗಳು ಬಂದು ಅದರೊಳಗೆ ಮೊಟ್ಟೆ ಇಟ್ಟು ಹೋಗುತ್ತವಂತೆ, ಆಮೇಲೆ ಗುಡ್ಡೆ ಕಾಯುವುದು ಇದರ ಕೆಲಸ. ಕಾನೂನಿನ ರಕ್ಷಣೆ ಇದೆ, ಮುಟ್ಟಿದರೆ ದಂಡ. ಆದ್ದರಿಂದ ವಿಜಯನ ಮಾತನ್ನು ಗಂಭೀರವಾಗಿ ತಗೋಬೇಡ.

ಕನಕ


ಪರ್ತ್
22 ಜುಲೈ 2025

ಕನಕಾ,

ಸನ್ನಿಬ್ಯಾಂಕಿನ ಮುದಿ ಕೋಳಿ ಬೇಡ. ಅದು ಪಂಜರದಲ್ಲಿ ಕೂತು ಮುದಿಯಾದದ್ದು, ನಡೆದು ಅಲ್ಲ. ವಯಸ್ಸನ್ನು ಅನುಭವ ಅಂತ ಮಾರುವ ವ್ಯಾಪಾರ ನನಗೂ ಗೊತ್ತು, ನಾನೂ ಅದನ್ನೇ ಮಾಡುತ್ತೇನೆ.

ಬೇಟೆ ಕ್ಲಾಸು ಮುಗಿಯಿತು. ಹದಿನೈದು ಜನ, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದು ಮೇಲೆ ಬಂದವನು ನಾನೊಬ್ಬನೇ. ಕಲಿಸಿದ ಹೆಂಗಸು ಮೊದಲು ಹೇಳಿದ್ದು: ಟರ್ಕಿಗೆ ಮೂಗು ಮಂದ, ಕಣ್ಣು ಸೂಜಿ. ಬಣ್ಣ ಗುರುತಿಸುತ್ತದೆ. ನಾನು ಹೋದದ್ದು ಗಣಿಯ ಕಿತ್ತಳೆ ಜಾಕೆಟ್ಟಿನಲ್ಲಿ. ಗಣಿಯಲ್ಲಿ ಕಾಣದವನು ಸಾಯುತ್ತಾನೆ, ಇಲ್ಲಿ ಕಂಡವನು ಉಪವಾಸ. ಎರಡನೆಯದು, ಮರಕ್ಕೆ ಬೆನ್ನು ಕೊಟ್ಟು ಅಲುಗದೆ, ಮಾತಾಡದೆ ಕೂರಬೇಕು. ಅವಳು ‘ಮಾತಾಡದೆ’ ಅನ್ನುವಾಗ ನನ್ನ ಕಡೆಗೇ ನೋಡಿದಳು. ಮೂರನೆಯದು, ಕರೆಪೆಟ್ಟಿಗೆ: ಅಂಗೈಯಷ್ಟು ಮರದ ಡಬ್ಬಿ, ಮುಚ್ಚಳವನ್ನು ಅಂಚಿಗೆ ಉಜ್ಜಿದರೆ ಹೆಣ್ಣು ಟರ್ಕಿಯ ದನಿ ಬರುತ್ತದೆ, ಗಂಡು ನಂಬಿಕೊಂಡು ಬರುತ್ತದೆ. ಅದರಲ್ಲಿ ಮಾತ್ರ ನಾನು ಕ್ಲಾಸಿಗೆ ಫಸ್ಟ್. ಬಂದೂಕಿನ ಲೈಸೆನ್ಸು ಸೆಪ್ಟೆಂಬರಿನೊಳಗೆ ಬರುವ ಹಾಗೆ ಕಾಣುವುದಿಲ್ಲ. ಹೊಡೆಯುವುದು ಅನಂತಪದ್ಮನಾಭ. ಮೊಟ್ಟೆಯನ್ನೂ ತಿನ್ನದ ಮನುಷ್ಯ, ಮಣ್ಣಿನ ಬಿಲ್ಲೆಗಳನ್ನು ಆಕಾಶಕ್ಕೆ ಎಸೆದು ಹೊಡೆಯುವುದರಲ್ಲಿ ಅವರ ಕ್ಲಬ್ಬಿಗೇ ಮೊದಲಿಗ.

ನಿನ್ನೆ ಅವ್ವನ ಹತ್ತಿರ ಮಾತಾಡಿದೆ. ‘ಹಕ್ಕಿ ತರ್ತೀನಿ ಅವ್ವಾ, ಓಡೋ ಹಕ್ಕಿ’ ಅಂದೆ. ನಕ್ಕಳು. ‘ನೀ ಬಾ ಸಾಕು. ಹಕ್ಕಿ ಬಂದ್ರೂ ಆಯ್ತು, ಬರ್ದಿದ್ರೂ ಆಯ್ತು’ ಅಂದಳು. ದನಿ ಸ್ವಲ್ಪ ಒಡೆದಿತ್ತು. ಥಂಡಿ ಇರಬೇಕು, ಶುಂಠಿ ಕಷಾಯ ಮಾಡಿಕೊಡು. ನನಗಂತೂ ಅವಳು ಗೆಲುವಾಗಿಯೇ ಕಂಡಳು.

ಸದಾಶಿವ


ಬ್ರಿಸ್ಬೇನ್
17 ಆಗಸ್ಟ್ 2025

ಅಣ್ಣ,

ಅಪ್ಪನ ವರ್ಷದ ಕಾರ್ಯ ಶುಕ್ರವಾರ ಮುಗಿಯಿತು. ನಿನ್ನ ಕ್ಯಾಂಪಿನ ಟೆಂಡರು ಅದೇ ವಾರ ಬಂದದ್ದಕ್ಕೆ ಯಾರೂ ಏನೂ ಅಂದುಕೊಂಡಿಲ್ಲ. ಅವ್ವ ಎರಡು ಸಲ ಬಾಗಿಲ ಕಡೆ ನೋಡಿದಳು ಅಷ್ಟೆ.

ನಾನು ಬರೆಯುತ್ತಿರುವುದು ಬೇರೆ ವಿಷಯಕ್ಕೆ. ವಿಜಯನ ತೂಕದ ಮೆಷಿನ್ ಮೇಲೆ ಅವ್ವನನ್ನು ಹತ್ತಿಸಿದೆ. ನಲವತ್ತೊಂದು ಕಿಲೋ. ಬೇಸಿಗೆಯಲ್ಲಿ ಐವತ್ತಮೂರು ಇದ್ದಳು. ‘ಮಿಷನ್ನು ಕೆಟ್ಟದೆ’ ಅಂತ ಇಳಿದು ಹೋದಳು. ನಾನು ಕ್ಲಿನಿಕ್ಕಿನಲ್ಲಿ ಸಮಯ ತೆಗೆದುಕೊಂಡಿದ್ದೆ. ಹೊರಡುವ ಹೊತ್ತಿಗೆ ಕಂಬಳಿ ಹೊದ್ದು ಮಲಗಿಬಿಟ್ಟಳು. ‘ಎಡೆ ಆಗ್ಲಿ, ನೀ ಎಲ್ಲಿ ಕರೆದ್ರೂ ಬತ್ತೀನಿ. ಈಗ ಬ್ಯಾಡ’ ಅಂದಳು. ನಾನು ಜೋರು ಮಾಡಿದೆ. ಆಗ ಅಂದಳು: ‘ನಿಮ್ಮಣ್ಣನೇ ಬ್ಯಾಡ ಅಂದವ್ನೆ, ಗೊತ್ತಾ?’ ಕ್ಲಿನಿಕ್ಕಿಗೆ ಫೋನ್ ಮಾಡಿ ರದ್ದು ಮಾಡಿಸಿದೆ. ನೀನೇ ಅವಳಿಗೆ ಒಂದು ಮಾತು ಹೇಳು ಅಣ್ಣ. ನೀನು ಹೇಳಿದರೆ ಕೇಳುತ್ತಾಳೆ.

ಇನ್ನೊಂದು. ಅವ್ವನಿಗೂ ಹಿತ್ತಿಲ ಹಕ್ಕಿಗೂ ಯುದ್ಧ ಶುರುವಾಗಿದೆ. ಅದು ಗುಡ್ಡೆ ಕೆರೆಯಲು ಬಂದ ಕೂಡಲೇ ಇವಳು ಚಪ್ಪಲಿ ಎಸೆಯುತ್ತಾಳೆ, ಕೋಲು ಹಿಡಿದು ಅಟ್ಟುತ್ತಾಳೆ. ನಡೆಯಲು ಸುಸ್ತು ಅನ್ನುವವಳು ಆ ಮೂಲೆಗೆ ಮಾತ್ರ ಓಡುತ್ತಾಳೆ. ‘ಮುಂಡೇದು, ಇಟ್ಟಿದ್ದನ್ನೆಲ್ಲ ಬಗೀತದೆ’ ಅಂತ ಬೈಗುಳ. ನನ್ನ ಕೊತ್ತಂಬರಿಯ ಮೇಲೆ ಅವಳಿಗೆ ಇಷ್ಟು ಪ್ರೀತಿ ಇದೆ ಅಂತ ನನಗೆ ಗೊತ್ತಿರಲಿಲ್ಲ. ಪಕ್ಕದ ಮನೆಯವರು ಬೇಲಿಯ ಮೇಲಿಂದ ನೋಡಿ, ಅದಕ್ಕೆ ರಕ್ಷಣೆ ಇದೆ ಅಂತ ನಗುತ್ತಲೇ ಎಚ್ಚರಿಸಿದರು.

ಕನಕ


ಅಡಿಲೇಡ್
15 ಸೆಪ್ಟೆಂಬರ್ 2025

ಕನಕಾ,

ಹಕ್ಕಿ ಸಿಕ್ಕಿತು. ಉಳಿದದ್ದನ್ನು ನಿಧಾನವಾಗಿ ಓದು.

ನಿನ್ನ ಆಗಸ್ಟಿನ ಪತ್ರಕ್ಕೆ ಉತ್ತರ ಬರೆಯಲಿಲ್ಲ, ಟೆಂಡರಿನ ಗಲಾಟೆ. ಅವ್ವನಿಗೆ ಫೋನಿನಲ್ಲಿ ಕೇಳಿದೆ. ‘ಎಡೆ ಆಗ್ಲಿ ಮಗ’ ಅಂದಳು. ನಾನೂ ಆಗಲಿ ಅಂದೆ. ಇನ್ನು ಆರು ದಿನ, ಕನಕಾ. ಆರು ದಿನಕ್ಕೆ ಅವಳ ಹಟ ಮುರಿದು ನಮಗೇನು ಲಾಭ?

ಈಗ ಬೇಟೆ. ರೈತನ ಹೆಸರು ಕೆವಿನ್. ಮಾತು ಕಮ್ಮಿ, ಹೊಟ್ಟೆ ಜಾಸ್ತಿ. ಮೊದಲ ದಿನ ಬೆಳಗ್ಗೆ ನಾನೂ ಅನಂತಪದ್ಮನಾಭನೂ ಒಂದು ದೊಡ್ಡ ನೀಲಗಿರಿ ಮರಕ್ಕೆ ಬೆನ್ನು ಕೊಟ್ಟು ಕೂತೆವು. ನಾನು ಮಣ್ಣಿನ ಬಣ್ಣದ ಅಂಗಿ, ಮುಖಕ್ಕೆ ಬಲೆ. ಅವನು ಬಂದೂಕು, ಜೊತೆಗೆ ಹಣೆಗೆ ಕಪ್ಪು ಅಂಗಾರ, ಕೆಂಪು ಅಕ್ಷತೆ. ‘ಸ್ವಾಮಿ, ಹಕ್ಕಿಗೆ ಬಣ್ಣ ಕಾಣ್ಸುತ್ತೆ’ ಅಂದೆ. ‘ನಿಮ್ಮ ಮಾತು ಅದಕ್ಕಿಂತ ಮೊದ್ಲು ಕೇಳ್ಸುತ್ತೆ ಸದಾಶಿವ. ನೀವು ಬಾಯಿ ಮುಚ್ಚಿದ್ರೆ ಅರ್ಧ ಬೇಟೆ ಆದ ಹಾಗೆ’ ಅಂದ. ನಾನು ಡಬ್ಬಿ ಉಜ್ಜಿದೆ. ದೂರದಲ್ಲಿ ಒಂದು ಗಂಡು ಗುಳುಗುಳು ಅಂತ ಉತ್ತರ ಕೊಟ್ಟಿತು. ನನಗೆ ತಡೆಯಲಾಗಲಿಲ್ಲ. ‘ಬಂತು ಬಂತು’ ಅಂದೆ. ಹೋಯಿತು.

ಎರಡನೆಯ ದಿನ ಬಾಯಿಗೆ ಕರವಸ್ತ್ರ ಕಟ್ಟಿಕೊಂಡೆ. ಡಬ್ಬಿ ಉಜ್ಜಿದೆ. ಬಂತು, ಕನಕಾ. ಬಿಸಿಲಿಗೆ ತಾಮ್ರದ ಕೊಡದ ಹಾಗೆ ಹೊಳೆಯುವ ಮೈ, ಬೀಸಣಿಗೆ ಬಿಚ್ಚಿದ ಬಾಲ, ಎದೆಯಿಂದ ಗಡ್ಡದ ಹಾಗೆ ಒಂದು ಕೂದಲ ಗೊಂಚಲು. ಮದುವೆಗೆ ಬಂದ ವರನ ಹಾಗೆ ಹೆಜ್ಜೆ ಹಾಕಿಕೊಂಡು ನಮ್ಮೆದುರಿಗೇ ಬಂದು ನಿಂತಿತು. ನಾನು ಅನಂತಪದ್ಮನಾಭನ ಪಕ್ಕೆಗೆ ತಿವಿದೆ. ಅವನು ಗುರಿ ಹಿಡಿದ. ಹಿಡಿದೇ ಇದ್ದ. ಹಕ್ಕಿ ಒಂದು ಸುತ್ತು ತಿರುಗಿ, ಯಾವ ಹೆಣ್ಣೂ ಕಾಣದೆ ಬೇಸರಪಟ್ಟು ವಾಪಸ್ ಹೋಯಿತು. ಬಂದೂಕು ಇಳಿಸಿ ಹೇಳಿದ: ‘ಬಿಲ್ಲೆ ಹೊಡೀಬಹುದು, ರೀ. ಬಿಲ್ಲೆ ತಿರುಗಿ ನೋಡಲ್ಲ.’ ಅವನ ಕಣ್ಣಲ್ಲಿ ನೀರಿತ್ತು. ನನಗೆ ಬೈಯಬೇಕು ಅನ್ನಿಸಿತು, ಬೈಯಲಿಲ್ಲ.

ಕೆವಿನ್‌ಗೆ ವಿಷಯ ಹೇಳಿದೆವು. ಸತ್ತ ಅಪ್ಪನಿಗೆ ಊಟ ಇಡಬೇಕು, ತಾಯಿ ಒಂದು ವರ್ಷದಿಂದ ಮಾಂಸ ಮುಟ್ಟಿಲ್ಲ ಅಂತ. ಅವನು ಬಂದೂಕು ಹಿಡಿದು ತನ್ನ ಯೂಟ್ ಗಾಡಿ ಹತ್ತಿ ಹೋದ. ನಾವು ಟೀ ಮುಗಿಸುವಷ್ಟರಲ್ಲಿ ಒಂದು ಟರ್ಕಿಯನ್ನು ಎರಡು ಕಾಲು ಹಿಡಿದು ತಲೆಕೆಳಗಾಗಿ ತಂದು ನನ್ನ ಮುಂದೆ ಹಿಡಿದ. ‘ಫಾರ್ ಯುವರ್ ಮಮ್, ಮೇಟ್’ ಅಂದ. ದುಡ್ಡು ತಗೊಳ್ಳಲಿಲ್ಲ. ಹೊಡೆದವನು ನಾನೇ ಅಂತ ಅವ್ವನಿಗೆ ಹೇಳುತ್ತೇನೆ, ನೀನು ಬಾಯಿ ಬಿಡಬೇಡ.

ಪುಕ್ಕ ತರಿಯಲು ಅರ್ಧ ದಿನ ಹಿಡಿಯಿತು. ಕಾಡಿನ ಹಕ್ಕಿಯಲ್ಲಿ ಕೊಬ್ಬು ಅನ್ನುವುದೇ ಇಲ್ಲ. ಅಂಗಡಿ ಟರ್ಕಿಯ ಹಾಗೆ ಒಲೆಯಲ್ಲಿ ಸುಟ್ಟರೆ ಚಕ್ಕೆಯಾಗುತ್ತದೆ. ಎದೆಯ ಮಾಂಸವನ್ನು ಒಂದು ರಾತ್ರಿ ಉಪ್ಪುನೀರಿನಲ್ಲಿ ನೆನೆಸಬೇಕು. ಕಾಲಿನಲ್ಲಿ ನರಗಳು ಕಡ್ಡಿಯ ಹಾಗಿರುತ್ತವೆ, ಒಂದೊಂದಾಗಿ ಎಳೆದು ತೆಗೆಯಬೇಕು, ಆಮೇಲೆ ಸಣ್ಣ ಉರಿಯಲ್ಲಿ ಅರ್ಧ ದಿನ. ಇಪ್ಪತ್ತಕ್ಕೆ ಸಂಜೆ ಬರುತ್ತೇನೆ. ಕೊತ್ತಂಬರಿ ಬೀಜ ಹುರಿದಿಡು. ತೆಂಗಿನಕಾಯಿ ಡಬ್ಬಿಯದಲ್ಲ, ಒಡೆದದ್ದು.

ಸದಾಶಿವ


ಪರ್ತ್
23 ಸೆಪ್ಟೆಂಬರ್ 2025

ಕನಕಾ,

ನಿನ್ನೆ ಬೆಳಗ್ಗೆ ವಿಮಾನದಲ್ಲಿ ಕೂತಾಗ ಕೈ ಮೂಸಿ ನೋಡಿಕೊಂಡೆ. ಇನ್ನೂ ಮಸಾಲೆಯ ವಾಸನೆ. ಪಕ್ಕದವನು ಸೀಟು ಬದಲಾಯಿಸಿದ.

ಎಂಥ ಎಡೆ! ಬಾಳೆಲೆ ಸನ್ನಿಬ್ಯಾಂಕಿನದಾದರೇನು, ಅದರ ಮೇಲೆ ಮುದ್ದೆ, ಸಾರು, ಹುರಿದ ಈಲಿ, ಕಜ್ಜಾಯ, ಮೂಲೆಯಲ್ಲಿ ಅರ್ಧ ಪೆಗ್ ಬ್ರಾಂದಿ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ನಾವೆಲ್ಲ ಹೊರಗೆ ನಿಂತೆವಲ್ಲ, ಅಪ್ಪ ಉಂಡು ಏಳಲಿ ಅಂತ. ಆಗ ಅವ್ವ ಬಾಗಿಲ ಹತ್ತಿರ ಬಾಯಿಟ್ಟು ‘ಹೊಟ್ಟೆ ತುಂಬ ಉಣ್ಣಿ. ಮಗ ಹೊಡ್ಕೊಂಡು ಬಂದದ್ದು’ ಅಂದಳು. ಕೆವಿನ್ ನನ್ನನ್ನು ಕ್ಷಮಿಸಲಿ.

ಒಂದೇ ಒಂದು ದೂರು. ಅವ್ವ ನಿನ್ನನ್ನು ಯಾಕೆ ಹಾಗೆ ದುಡಿಸಿದಳು? ತಾನು ಕುರ್ಚಿಯಲ್ಲಿ ಕೂತು, ‘ಎಲೆ ತುದಿ ಎಡಕ್ಕೆ ಮಾಡು’, ‘ಸಾರಿಗೆ ಈಗ ಉಪ್ಪು’, ‘ಮೊದ್ಲು ನೀರು ಬಿಡು, ಆಮ್ಯಾಕೆ ಕಜ್ಜಾಯ’ ಅಂತ. ನೀನು ತಪ್ಪಿದರೆ ಅಳಿಸಿ ಮತ್ತೆ ಮಾಡಿಸಿದಳು. ಸೊಸೆಯಿಲ್ಲದ ಆಸೆಯನ್ನು ಮಗಳ ಮೇಲೆ ತೀರಿಸಿಕೊಂಡಳು ಅಂತ ನಾನು ವಿಜಯನಿಗೆ ಹೇಳಿ ನಕ್ಕೆ.

ಮುಖ್ಯ ಮಾತು: ಅವಳು ಉಂಡಳು. ಹಿತ್ತಿಲ ಮೆಟ್ಟಿಲ ಮೇಲೆ ಎಲೆ ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನು ಕಾಲಿನ ತುಂಡು ಎರಡು ಸಲ ಬಡಿಸಿದೆ. ತಿರುಗಿ ಬಂದಾಗ ಎಲೆ ಖಾಲಿ. ಹರಕೆ ಮುಗಿಯಿತು. ಇನ್ನು ತಿಂಗಳೊಳಗೆ ಅವಳು ರವಿಕೆಗಳನ್ನು ಬಿಚ್ಚಿಸಿ ಹೊಲಿಸದಿದ್ದರೆ ನನ್ನ ಹೆಸರು ಬದಲಾಯಿಸು. ಜುಲೈಯಲ್ಲಿ ನಾನು ಏನು ಬರೆದಿದ್ದೆ ಅಂತ ಒಮ್ಮೆ ತೆಗೆದು ಓದು.

ಸದಾಶಿವ


ಬ್ರಿಸ್ಬೇನ್
24 ಸೆಪ್ಟೆಂಬರ್ 2025

ಅಣ್ಣ,

ನಿನ್ನ ಪತ್ರ ಬಂದಾಗ ನಾನು ಹಿತ್ತಿಲಿನಲ್ಲಿದ್ದೆ. ಕೈ ತೊಳೆದುಕೊಂಡು ಓದಿದೆ.

ಆಫೀಸಿನಿಂದ ಬಂದಾಗ ಆ ಹಕ್ಕಿ ಗುಡ್ಡೆಯ ಮೇಲ್ಭಾಗವನ್ನೆಲ್ಲ ಕೆದರಿ ಅಂಗಳಕ್ಕೆ ಹರಡಿತ್ತು. ಅವ್ವ ಮಲಗಿದ್ದಳು, ಅಟ್ಟಲು ಎದ್ದಿರಲಿಲ್ಲ. ನಾನು ಕಸ ಬಾಚುವ ರೇಕು ತಗೊಂಡು ಹೋದೆ. ಎಲೆಗಳ ನಡುವೆ ಪೇಪರ್ ಟವೆಲ್ಲಿನಲ್ಲಿ ಸುತ್ತಿದ ಒಂದು ಪೊಟ್ಟಣ. ಬಿಚ್ಚಿದರೆ ಟರ್ಕಿಯ ಕಾಲಿನ ತುಂಡು. ಮಸಾಲೆ ಹಾಗೇ ಇತ್ತು. ಹಲ್ಲು ತಗಲಿರಲಿಲ್ಲ. ಎರಡು ತುಂಡು, ನೀನು ಎರಡು ಸಲ ಬಡಿಸಿದ್ದು. ಅದರ ಕೆಳಗೆ ಇನ್ನೊಂದು ಪೊಟ್ಟಣ, ಮುದ್ದೆ. ಅದರ ಕೆಳಗೆ ಮತ್ತೊಂದು. ಹಳೆಯವು ಕಪ್ಪಗಾಗಿ ಕರಗಿದ್ದವು. ಬಹಳಷ್ಟನ್ನು ಹಕ್ಕಿಯೇ ತಿಂದಿರಬೇಕು, ಹರಿದ ಪೇಪರಿನ ಚೂರುಗಳೇ ಎಷ್ಟೋ ಇದ್ದವು. ನಾನು ಎಣಿಸಲಿಲ್ಲ. ನೀನಾಗಿದ್ದರೆ ಎಣಿಸುತ್ತಿದ್ದೆ.

ಬಾಕಿ ಕಡೆ ನೆಲ ಗಟ್ಟಿ. ಅವಳ ಕೈಗೆ ಬಗೆಯಲು ಆಗುತ್ತಿದ್ದದ್ದು ಆ ಗುಡ್ಡೆ ಮಾತ್ರ.

ಪೊಟ್ಟಣ ಹಿಡಿದುಕೊಂಡೇ ಒಳಗೆ ಹೋದೆ. ‘ಅವ್ವಾ, ಇದೇನು?’

ಅವಳು ನೋಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ‘ಇಳೀತಿಲ್ಲ ಕಣವ್ವ.’

‘ಯಾವಾಗಿಂದ?’

‘ಯುಗಾದಿ ಒಬ್ಬಟ್ಟು ಎದೇಲಿ ನಿಂತ್ಕಂತು. ಆವತ್ತಿಂದ. ಗಂಜಿ, ಮಜ್ಜಿಗೆ ಹೋಯ್ತದೆ. ಗಟ್ಟಿ ಹೋಗಲ್ಲ.’

‘ಆರು ತಿಂಗಳು! ಹೇಳಬಾರದಿತ್ತಾ?’

‘ಹೇಳಿದ್ರೆ ಆಸ್ಪತ್ರೆಗೆ ಹಾಕ್ತಿದ್ರಿ. ನಿಮ್ಮಪ್ಪಂಗೆ ಆದಂಗೆ, ಹೋದವ್ರು ಮನೆಗೆ ಬರಾದು ಯಾವಾಗ್ಲೋ. ಎಡೆ ಯಾರು ಇಡೋರು? ನಿಂಗೆ ಬತ್ತಿರ್ಲಿಲ್ಲ.’ ಆಮೇಲೆ ನನ್ನ ಕೈಯಿಂದ ಪೊಟ್ಟಣ ತಗೊಂಡು ಮೆಲ್ಲಗೆ ಮಡಚಿದಳು. ‘ಈಗ ಬತ್ತದೆ.’

ಅಣ್ಣ, ಹರಕೆ ಅಂದವಳು ಅವಳೇ, ನಿಜ. ಬಾಡಿನ ಹರಕೆ ನಿಜವಾದದ್ದೇ ಆಗಿತ್ತು. ಅದರ ಹಿಂದೆ ಇನ್ನೊಂದನ್ನು ಬಚ್ಚಿಟ್ಟುಕೊಳ್ಳಬಹುದು ಅಂತ ಅವಳಿಗೆ ಯುಗಾದಿಯಲ್ಲಿ ಗೊತ್ತಾಯಿತು ಅಷ್ಟೆ. ನಾವಿಬ್ಬರೂ ಸೇರಿ ಅದಕ್ಕೆ ಬಾಗಿಲು ಹಾಕಿ ಕಾವಲು ಕೂತೆವು.

ನಾಳೆ ಬೆಳಗ್ಗೆ ಕ್ಲಿನಿಕ್ಕು. ಹೇಳಿದ ಹಾಗೆ, ಎಲ್ಲಿ ಕರೆದರೂ ಬರುತ್ತಾಳಂತೆ.

ಕನಕ


ಪರ್ತ್
26 ಸೆಪ್ಟೆಂಬರ್ 2025

ಕನಕಾ,

ಮೂರು ಜನ ಡಾಕ್ಟರುಗಳ ಹೆಸರು ಕಳಿಸಿದ್ದೇನೆ. ಒಬ್ಬರು ಪರ್ತಿನಲ್ಲಿ, ಅನ್ನನಾಳಕ್ಕೇ ಹೆಸರಾದವರು. ಅವರ ರಿಸೆಪ್ಷನ್ನಿನ ಹುಡುಗಿಯ ಹತ್ತಿರ ಮಾತಾಡಿದೆ, ಖಾಸಗಿಯಾಗಿ ಬಂದರೆ ಮುಂದಿನ ವಾರವೇ ಸಮಯ ಕೊಡುತ್ತಾರಂತೆ. ವಿಮಾನದಲ್ಲಿ ಮಲಗಿಸಿಕೊಂಡು ಬರುವ ಏರ್ಪಾಡು ಇದೆಯಂತೆ, ಎಷ್ಟಾಗುತ್ತದೆ ಅಂತ ಕೇಳಿದ್ದೇನೆ. ಎಷ್ಟಾದರೂ ಆಗಲಿ. ಗಾಡಿ ಮಾರುತ್ತೇನೆ, ಬೇಕಾದರೆ ಕ್ಯಾಂಪಿನ ಟೆಂಡರು ಬೇರೆಯವರಿಗೆ ಬಿಟ್ಟುಕೊಡುತ್ತೇನೆ. ನನಗೆ ಒಂದು ಮೊತ್ತ ಹೇಳು. ಅಷ್ಟೇ ಬೇಕಾಗಿರುವುದು ನನಗೆ, ಒಂದು ಮೊತ್ತ.

ಜುಲೈ ಎರಡರ ನನ್ನ ಪತ್ರ ಅಳಿಸಿಬಿಡು.

ಸದಾಶಿವ


ಬ್ರಿಸ್ಬೇನ್
18 ಅಕ್ಟೋಬರ್ 2025

ಅಣ್ಣ,

ಮೊತ್ತ ಇಲ್ಲ. ಅವ್ವನಿಗೆ ಮೆಡಿಕೇರ್ ಇದೆ, ಎಲ್ಲ ಸರ್ಕಾರದ ಆಸ್ಪತ್ರೆಯಲ್ಲೇ ಆಗುತ್ತಿದೆ, ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಪಾರ್ಕಿಂಗಿಗೆ ಮಾತ್ರ ದುಡ್ಡು ಕೊಡುತ್ತಿದ್ದೇನೆ. ನೀನು ಕಳಿಸುವಂಥದ್ದು ಏನೂ ಇಲ್ಲ. ಇದನ್ನು ಕೋಪದಿಂದ ಬರೆದದ್ದಲ್ಲ.

ಗಡ್ಡೆ ಅನ್ನನಾಳದ ಕೆಳಭಾಗದಲ್ಲಿದೆ, ಲಿವರಿಗೂ, ಅದೇ ಈಲಿಗೂ, ಹೋಗಿದೆ. ತೆಗೆಯಲು ಆಗುವುದಿಲ್ಲ. ಯುಗಾದಿಯ ಹೊತ್ತಿಗೆ ಬಂದಿದ್ದರೆ ಅಂತ ನಾನು ಕೇಳಿದೆ. ಡಾಕ್ಟರು ಚಿಕ್ಕ ಹುಡುಗಿ, ನನ್ನ ಕೈ ಹಿಡಿದುಕೊಂಡಳು. ಜುಲೈ ಅಂತ ನಾನು ಕೇಳಲೇ ಇಲ್ಲ. ನೀನೂ ಕೇಳಬೇಡ. ನಿನ್ನ ಪತ್ರ ಅಳಿಸಿಲ್ಲ. ಅದನ್ನು ಓದಿ ಹೌದು ಅಂದವಳು ನಾನು, ಜೊತೆಯಲ್ಲಿದ್ದವಳೂ ನಾನೇ. ಖಾಲಿ ತಟ್ಟೆಯನ್ನು ದಿನಾ ತೊಳೆದಿಟ್ಟವಳು.

ನಾಳದೊಳಗೆ ಬಲೆಯಂಥ ಸಣ್ಣ ಕೊಳವೆ ಕೂರಿಸಿದ್ದಾರೆ. ತಿಳಿಯಾದದ್ದು ಸಲೀಸಾಗಿ ಇಳಿಯುತ್ತದೆ. ಎಷ್ಟು ದಿನಕ್ಕೆ ಅಂತ ಯಾರೂ ಹೇಳುವುದಿಲ್ಲ. ನಿನ್ನೆ ಮನೆಗೆ ಕರೆತಂದೆವು. ಡೀಪ್ ಫ್ರೀಜರಿನಲ್ಲಿ ನಿನ್ನ ಟರ್ಕಿಯ ಬೆನ್ನು, ಕತ್ತಿನ ಮೂಳೆ ಉಳಿದಿದ್ದವು. ಬೇಯಿಸಿ, ಬಟ್ಟೆಯಲ್ಲಿ ಸೋಸಿ, ಬರೀ ತಿಳಿ ಅರ್ಧ ಲೋಟ ಕೊಟ್ಟೆ. ಕುಡಿದಳು. ನನ್ನೆದುರಿಗೇ. ಕುಡಿದು ಮುಗಿಸಿ ‘ಉಪ್ಪು ಕಮ್ಮಿ’ ಅಂದಳು. ಆಮೇಲೆ, ‘ಸದಾಶಿವ ಹೊಡ್ದದ್ದಲ್ಲ ಅದು. ಅವ್ನು ಕೋಳಿ ಕುಯ್ಯೋವಾಗ ಒಳಗೆ ಹೋಗಿ ಕದ ಹಾಕ್ಕಳೋನು’ ಅಂದಳು. ನಾನು ಏನೂ ಹೇಳಿಲ್ಲ, ನಂಬು.

ಮೊನ್ನೆ ಫೋನಿನಲ್ಲಿ ನೀನು ಒಂದು ಮಾತೂ ಆಡಲಿಲ್ಲ. ಕಟ್ ಆಯಿತೇನೋ ಅಂತ ನಾನು ಹಲೋ ಹಲೋ ಅಂದೆ. ಅವ್ವ, ‘ಅವ್ನೆ ಅವ್ನೆ, ಉಸ್ರು ಕೇಳ್ತದೆ’ ಅಂದಳು.

ಕನಕ


ಪರ್ತ್
30 ನವೆಂಬರ್ 2025

ಕನಕಾ,

ಇಷ್ಟು ದಿನ ಬರೆಯಲಿಲ್ಲ. ಪ್ರತಿ ಸಲ ಶುರು ಮಾಡಿದಾಗಲೂ ಯಾವುದೋ ಡಾಕ್ಟರ ಹೆಸರು, ಯಾವುದೋ ಔಷಧಿಯ ಬೆಲೆ ಬಂದು ಕೂರುತ್ತಿತ್ತು. ಅಳಿಸುತ್ತಿದ್ದೆ. ನನಗೆ ಗೊತ್ತಿರುವುದು ಒಂದೇ ವಿದ್ಯೆ, ಯಾರಿಗೆ ಏನು ಬಂತು ಅಂತ ಬರೆಯುವುದು. ಅದನ್ನೇ ಬರೆಯುತ್ತೇನೆ.

ಕೆವಿನ್‌ಗೆ, ತೋಟದಲ್ಲಿ ಒಂದು ಟರ್ಕಿ ಕಡಿಮೆ. ಅವ್ವ ಹೇಗಿದ್ದಾಳೆ ಅಂತ ಅನಂತಪದ್ಮನಾಭನ ಮೂಲಕ ಕೇಳಿ ಕಳಿಸಿದ್ದ. ಚೆನ್ನಾಗಿ ಉಂಡಳು ಅಂತ ಹೇಳಿಸಿದೆ.

ಅನಂತಪದ್ಮನಾಭನ ಹೆಂಡತಿಗೆ ಒಂದು ಸೀರೆ. ಅವನು ಕ್ಲಬ್ಬು ಬಿಟ್ಟಿದ್ದಾನಂತೆ. ಬಂದೂಕನ್ನು ಮಾರಲು ಇಟ್ಟಿದ್ದಾನೆ.

ನಿನ್ನ ಹಿತ್ತಿಲ ಹಕ್ಕಿಗೆ, ಆರು ತಿಂಗಳ ಊಟ. ಗುಡ್ಡೆಯಿಂದ ಮರಿಗಳು ಎದ್ದು ತಾವೇ ಓಡಿದವು ಅಂತ ವಿಜಯ ಹೇಳಿದರು.

ಅಪ್ಪನಿಗೆ, ಎಡೆ. ಸರಿಯಾದ ಎಡೆ. ಎಲೆ ಒದೆಯಲಿಲ್ಲ.

ನಿನಗೆ, ಎಲೆಯ ತುದಿ ಯಾವ ಕಡೆಗೆ, ಉಪ್ಪು ಯಾವಾಗ, ನೀರು ಮೊದಲೋ ಕಜ್ಜಾಯ ಮೊದಲೋ ಅಂತ ಗೊತ್ತಾಗಿದೆ. ಇನ್ನು ಯಾರನ್ನೂ ಕೇಳಬೇಕಾಗಿಲ್ಲ.

ಅವ್ವನಿಗೆ, ದಿನಕ್ಕೆ ಮೂರು ಲೋಟ ತಿಳಿ. ಮೊನ್ನೆಯಿಂದ ಎರಡು ಅಂತ ನೀನು ಹೇಳಿದೆ. ಎರಡು ಅಂತ ಬರೆದುಕೊಂಡಿದ್ದೇನೆ.

ನನಗೆ, ಡಿಸೆಂಬರ್ ಏಳರ ಬ್ರಿಸ್ಬೇನ್ ಟಿಕೆಟ್ಟು. ವಾಪಸ್ ಬರುವ ತಾರೀಖು ಯಾವುದು ಅಂತ ಕಂಪ್ಯೂಟರ್ ಕೇಳಿತು. ಖಾಲಿ ಬಿಟ್ಟೆ.

ಸದಾಶಿವ